ಇಟಲಿ ಗಾಡಿಯ ಎಡಬಾಗಿಲು

ಸೋನ್ಯಾಳದ ಮುರಗೆಪ್ಪನ ಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಾಮ್ರದ ಹಾಳೆಯನ್ನು ಕುಲುಮೆಗೆ ಇಟ್ಟು ತಿದಿ ಒತ್ತತೊಡಗಿದನೆಂದರೆ ಅವನ ತುಟಿಯ ಮೇಲೆ ಷಟ್ಪದಿ ತಾನಾಗಿ ಶುರುವಾಗುತ್ತಿತ್ತು. ಚಿಕ್ಕಂದಿನಿಂದ ಮಠದ ಕಂಬಕ್ಕೆ ಒರಗಿ ಕೂತು, ಪುರಾಣ ಓದುವವರ ಬಾಯಿಂದ ಕೇಳಿ ಕೇಳಿ ಒಳಗೆ ಉಳಿದ ಪದ್ಯಗಳು ಅವು. ಅಕ್ಷರ ಅವನಿಗೆ ಅಷ್ಟಕ್ಕಷ್ಟೇ; ಕಿವಿ ಮಾತ್ರ ತುಂಬಿದ ಕಣಜ. ತೆಳು ಹಾಳೆಗೆ ಐದು ಪದ್ಯ, ಹಂಡೆಯ ತಳಕ್ಕೆ ಒಂಬತ್ತು. ಪದ್ಯ ಮುಗಿಯುವ ಹೊತ್ತಿಗೆ ತಾಮ್ರ ಸಂಜೆಯ ಸೂರ್ಯನ ಹಾಗೆ ಕೆಂಪಾಗುತ್ತಿತ್ತು. ಆಗ ಇಕ್ಕಳದಿಂದ ಎತ್ತಿ ನೀರಿಗೆ ಅದ್ದಿದರೆ ಲೋಹದ ಸೆಟೆತ ಇಳಿದು, ಅದು ಮೆತ್ತಗಾಗಿ, ಸುತ್ತಿಗೆ ಹೇಳಿದ ಮಾತು ಕೇಳುತ್ತಿತ್ತು. ಆ ಕೆಂಪು ನಿಚ್ಚಳವಾಗಿ ಕಾಣಲೆಂದು ಅವನ ಅಜ್ಜ ಕುಲುಮೆಯ ಕೋಣೆಗೆ ಕಿಟಕಿಯನ್ನೇ ಇಡಿಸಿರಲಿಲ್ಲ. ನಡುಹಗಲಲ್ಲೂ ಅಲ್ಲಿ ಕತ್ತಲೆ.

ಮೂರು ತಲೆಮಾರಿನಿಂದ ತಾಮ್ರ ಹಿತ್ತಾಳೆ ಬಡಿದು, ಜತ್ತದ ಸಂತೆಯಲ್ಲಿ ಮಾರಿ ಬಾಳಿದ ಮನೆ ಅದು. ಸಂಸ್ಥಾನ ಮುಗಿದು ಮುಂಬಯಿ ಸರಕಾರ ಬಂದ ಮೇಲೆ ಸಂತೆಗೆ ಇನ್ನೊಂದು ಸರಕೂ ಬಂತು: ಜರ್ಮನ್ ಪಾತ್ರೆ. ಅಲ್ಯುಮಿನಿಯಮ್ಮಿಗೆ ಆ ಕಡೆಯ ಜನ ಇಟ್ಟ ಹೆಸರು ಅದು. ಹಗುರ, ಬಿಳುಪು, ಕಲಾಯಿ ಬೇಡ. ಹೆಣ್ಣುಮಕ್ಕಳು ಮುಗಿಬಿದ್ದರು. ಆರು ತಿಂಗಳಿಗೆ ನೆಗ್ಗಿದ ಬೋಗುಣಿ ಹಿಡಿದು ಮುರಗೆಪ್ಪನ ಹತ್ತಿರವೇ ಬಂದರು. ಅವನು ಮುಟ್ಟಲಿಲ್ಲ. "ಇದನ್ನ ಮಿಶನ್ ಒತ್ತೈತಿ ತಂಗಿ, ಮನಷ್ಯಾನ ಕೈ ಹತ್ತಿಲ್ಲ. ಮಿಶನ್ನಿನ ಹಂತೇಕನ ಒಯ್ಯಿ," ಎಂದು ತಿರುಗಿ ಕಳಿಸುತ್ತಿದ್ದ. ಅಷ್ಟಕ್ಕೇ ಬಿಡದೆ, ಒಂದು ದಿನ ಮಠದ ಹೊಸ್ತಿಲು ಮುಟ್ಟಿ, ಜರ್ಮನ್ನಿನ ಮೇಲೆ ನನ್ನ ಸುತ್ತಿಗೆ ಏಳುವುದಿಲ್ಲ ಎಂದು ಮಾತು ಕೊಟ್ಟೂ ಬಂದಿದ್ದ.

ಐವತ್ತನಾಲ್ಕನೆಯ ಇಸವಿಯ ಮಾಘಮಾಸ. ಶುಕ್ರವಾರ ಇಳಿಹೊತ್ತಿಗೆ ಮನೆಯ ಮುಂದೆ ಒಂದು ಸದ್ದು ಬಂದು ನಿಂತಿತು. ಊರಿಗೆ ಬರುವ ಲಾರಿಯ ಗೊರಕೆ ಅಲ್ಲ, ಮಾಮಲೇದಾರರ ಜೀಪಿನ ಕೆಮ್ಮೂ ಅಲ್ಲ. ಮುರಗೆಪ್ಪ ಸುತ್ತಿಗೆ ನಿಲ್ಲಿಸಿ ಕಿವಿಗೊಟ್ಟ. ಮೂರು ಹೆಜ್ಜೆ, ಮತ್ತೆ ಮೂರು ಹೆಜ್ಜೆ. ಎರಡು ಅರ್ಧ ಸೇರಿ ಒಂದು. ಯಾರೋ ಬಾಯಿ ಮುಚ್ಚಿಕೊಂಡು ಷಟ್ಪದಿ ಓದುತ್ತಿದ್ದಾರೆ ಎನ್ನಿಸಿತು ಅವನಿಗೆ.

ಹೊರಗೆ ಬಂದರೆ, ಹುಣಸೆಮರದ ನೆರಳಿನಲ್ಲಿ ಮಳೆಮೋಡದ ಬಣ್ಣದ ಒಂದು ಮೋಟಾರು. ಇಷ್ಟು ತಗ್ಗಿನ ಗಾಡಿಯನ್ನು ಅವನು ಕಂಡಿರಲಿಲ್ಲ. ಎರಡೇ ಬಾಗಿಲು. ಮುಂದಿನ ಗಾಜಿನ ತಲೆಯಿಂದ ಹಿಂದಿನ ಗಾಲಿಯ ಬುಡದವರೆಗೆ ಮಾಡು ಒಂದೇ ಓಟದಲ್ಲಿ ಇಳಿದಿತ್ತು, ನಡುವೆ ಎಲ್ಲೂ ಉಸಿರು ಕಡಿದಿರಲಿಲ್ಲ. ಬಲಗಡೆಯ ಬಾಗಿಲು ತೆಗೆದು ಇಳಿದವನು ಬಸಗೊಂಡ, ಬಾಲಗಾಂವಿಗೆ ಕೊಟ್ಟ ಅಕ್ಕ ಮಲಕವ್ವನ ಮಗ. ವಿಜಾಪುರದ ಹತ್ತಿ ಗಿರಣಿಯ ಸಾವಕಾರ ಶಿವಯೋಗೆಪ್ಪನವರ ಡ್ರೈವರ್. ತಲೆಯ ಮೇಲಿನ ಟೊಪ್ಪಿಗೆ ಕೈಯಲ್ಲಿತ್ತು, ಮುಖದಲ್ಲಿ ರಕ್ತವಿರಲಿಲ್ಲ.

"ಮಾಮಾ, ನನ್ನ ನೌಕರಿ ಹೋತು."

"ಮೊದಲ ನೀರ ಕುಡಿ. ಹೋಗೂದು ಹೋಗತೈತಿ, ಕುಡ್ಯೂತನ ಕಾಯತೈತಿ."

ಬಸಗೊಂಡ ನೀರು ಕುಡಿಯಲಿಲ್ಲ. ಮಾವನ ಕೈ ಹಿಡಿದು ಗಾಡಿಯ ಎಡಮಗ್ಗುಲಿಗೆ ಕರೆದೊಯ್ದ. ಎಡಬಾಗಿಲಿನ ಕೆಳಭಾಗ ಮೊಳದುದ್ದಕ್ಕೆ ಒಳಗೆ ಕುಸಿದಿತ್ತು. ಗುಂಡಿಯ ನಡುವೆ ಮಡಿಕೆ ಬಿದ್ದು, ಬಣ್ಣ ಹೋದ ಕಡೆ ಬಿಳಿ ಲೋಹ ಇಣುಕುತ್ತಿತ್ತು.

ಆದದ್ದು ಇಷ್ಟು. ಸಾವಕಾರರು ಪುಣೆಗೆ ರೈಲಿನಲ್ಲಿ ಹೋಗಿದ್ದರು. ಸೋಮವಾರ ಹನ್ನೊಂದು ಗಂಟೆಗೆ ಮಿರಜಿಗೆ ಇಳಿಯುತ್ತಾರೆ. ಅಷ್ಟರೊಳಗೆ ಗಾಡಿ ಅಲ್ಲಿ ನಿಂತಿರಬೇಕು. ಎರಡು ದಿನ ಮೊದಲೇ ಹೊರಟ ಬಸಗೊಂಡ, ಯಾರನ್ನೂ ಕೇಳದೆ, ತಾಯಿಗೆ ತೋರಿಸೋಣವೆಂದು ಡಾಂಬರು ರಸ್ತೆ ಬಿಟ್ಟು ಬಾಲಗಾಂವಿಗೆ ಹೊಡೆದ. ತೋರಿಸಿ ತಿರುಗಿ ಬರುವಾಗ ಬಂಡಿದಾರಿಯಲ್ಲಿ ಕುರಿಹಿಂಡು ಅಡ್ಡ ಬಂತು. ಕುರಿ ಉಳಿದವು. ಹೊಲದ ಬಾಂದದ ಕಲ್ಲು ಬಾಗಿಲಿಗೆ ತಾಗಿತು.

"ಇದು ಸಾವ್ಕಾರ್ರು ಕುಂಡ್ರೂ ಕಡೀ ಬಾಗಲಾ ಮಾಮಾ. ಇಟಲಿಯಿಂದ ಹಡಗಿನಾಗ ತರಿಸ್ಯಾರ. ನನಗಿಂತ ಮೊದಲಿನ ಡ್ರೈವರ್‌ನ ಯಾಕ ಬಿಡಿಸಿದ್ರು ಗೊತ್ತೇನು? ಒಳಗ ಒಂದ ಕೋಳಿ ಇಟಗೊಂಡ ಬಂದಿದ್ದ, ಅಷ್ಟ."

"ಕೋಳಿಗಿಂತ ಕುರಿ ಚಲೋ ಬಿಡೋ," ಎಂದು ಹಿಂದಿನಿಂದ ದನಿ ಬಂತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುಣಿಕೋಣೂರಿನ ಭರಮಣ್ಣ ಬಂದು ನಿಂತಿದ್ದ. ಹಿಂಡು ಅವನದೇ. ಅದನ್ನು ಮಗನ ಕೈಗೆ ಒಪ್ಪಿಸಿ, ಗಾಡಿ ಬಂಡಿದಾರಿ ಸುತ್ತಿ ತೆವಳಿಕೊಂಡು ಬರುವಷ್ಟರಲ್ಲಿ ಹೊಲ ಅಡ್ಡಹಾಯ್ದು ನಡೆದು ಬಂದಿದ್ದ. "ಮುರಗೆಪ್ಪಣ್ಣಾ, ನನ್ನ ಕುರಿದು ತಪ್ಪಿಲ್ಲ. ಅವು ಇಟಲಿ ಗಾಡಿ ಎಂದ ನೋಡ್ಯಾವು? ಸದ್ದ ಇಲ್ಲದ ಬಂದ್ರ ಸರೀಬೇಕು ಅಂತ ತಿಳ್ಕೊಳ್ಳಾಕ ಅವೇನು ಸಾಲಿ ಕಲತಾವೇನು?"

"ಜಗಳಕ್ಕ ಬಂದೀ, ಏನ್ ಕೆಲಸಕ್ಕ ಬಂದೀ?"

"ಎರಡಕ್ಕೂ ಬಂದೀನಿ. ಮೊದಲ ಯಾವದು ಹೇಳು."

ಮುರಗೆಪ್ಪ ನಗಲಿಲ್ಲ. ಬಾಗಿ, ಬಣ್ಣ ಹೋದ ಜಾಗವನ್ನು ಉಗುರಿನಿಂದ ಗೀರಿದ. ಬೆರಳಿಗೆ ಅಂಟಿದ ಬೂದು ಪುಡಿಯನ್ನು ನೋಡಿದ. ಅವನ ಮುಖ ಮುಚ್ಚಿಕೊಂಡಿತು.

"ಬಸಗೊಂಡಾ, ಇದು ಜರ್ಮನ್ ಐತಿ."

"ಹೌದು ಮಾಮಾ. ಮ್ಯಾಲಿನ ತೊಗಲೆಲ್ಲಾ ಅದನ. ಹಗುರ ಇರಲಿ ಅಂತ."

"ನಾ ಮಾತ ಕೊಟ್ಟೀನಿ."

ತಲೆಬಾಗಿಲಲ್ಲಿ ನಿಂತಿದ್ದ ಹೆಂಡತಿ ರುಕ್ಮವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ಬಾಗಲಾ ಬಿಚ್ಚಿ ನೋಡಾಕ ಏನ್ ಅಡ್ಡಿರಿ? ಮಾತ ಸುತ್ತಿಗೀದು, ಕಣ್ಣಿಂದಲ್ಲಲ್ಲ," ಎಂದಳು.

ಶನಿವಾರ ಬೆಳಿಗ್ಗೆ ಬಾಗಿಲು ಬಿಚ್ಚಿದರು. ತಿರುಪು ತೆಗೆಯುವ ಕೆಲಸ ಬಸಗೊಂಡನದು. ಗಾಜು ಇಳಿಸಿದ, ಒಳಮೈಯ ಬೂದುಬಣ್ಣದ ಬಟ್ಟೆ ಬಿಡಿಸಿದ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ತಾನಾಗಿ ಹಗುರಾಗುತ್ತದೆ. ಗಾಡಿಯ ಮಾತು ಬಂದರೆ ಅವನಿಗೆ ತನ್ನ ಕಷ್ಟವೂ ಮರೆಯುತ್ತಿತ್ತು.

"ಇಂಜಿನ್ನಿಗೆ ಆರು ಸಿಲಿಂಡರ್ ಮಾಮಾ. ಉಳಿದ ಗಾಡ್ಯಾಗ ಒಂದ ಸಾಲಿನಾಗ ನಿಂದರಸತಾರ. ಇದರಾಗ ಮೂರು ಈ ಕಡಿ, ಮೂರು ಆ ಕಡಿ, ತೆಳಗ ಕೂಡಿರತಾವು. ಬೊಗಸಿ ಹಿಡದಂಗ. ಅದಕ್ಕ ಮೂತಿ ಗಿಡ್ಡ."

"ಅದಕ್ಕ ಮೂರು ಮೂರು ಸಾಲಿನಾಗ ಓದತೈತಿ," ಎಂದ ಮುರಗೆಪ್ಪ. ಬಸಗೊಂಡನಿಗೆ ಅರ್ಥವಾಗಲಿಲ್ಲ. ಮಾವ ಬಿಡಿಸಿ ಹೇಳಲೂ ಇಲ್ಲ.

"ಇನ್ನೊಂದ ಕೇಳು. ಗೇರ್ ಪೆಟಗಿ ಎಲ್ಲಾ ಗಾಡ್ಯಾಗ ಇಂಜಿನ್ನಿನ ಬೆನ್ನಿಗೆ ಇರತೈತಿ. ಇದರಾಗ ಹಿಂದ ಒಯ್ದು ಹಿಂದಿನ ಗಾಲಿಗೋಳ ನಡುವ ಇಟ್ಟಾರ. ಯಾಕ ಹೇಳು?"

ಉತ್ತರ ಕೊಟ್ಟವನು ಭರಮಣ್ಣ. "ಇದರಾಗ ಕೇಳೂದೇನೈತಿ? ಬಂಡ್ಯಾಗ ಚೀಲ ಹ್ಯಾಂಗ ಹೇರತಾರ? ಮುಂದ ಭಾರ ಆದ್ರ ಎತ್ತಿನ ಹೆಗಲಾ ಹರೀತೈತಿ. ಹಿಂದ ಭಾರ ಆದ್ರ ನೊಗ ಮ್ಯಾಲೆದ್ದು ಎತ್ತಿನ ಕುತಗಿ ಬಿಗೀತೈತಿ. ಎರಡೂ ಕಡಿ ಹಂಚಬೇಕು. ಇಟಲಿಯವರು ನಮ್ಮೂರಾಗ ಬಂಡಿ ಹೊಡದಿರಬೇಕು."

ಬಟ್ಟೆ ಬಿಡಿಸಿದ ಮೇಲೆ ಬಾಗಿಲಿನ ಒಳಮೈ ಬೆಳಕಿಗೆ ಬಂತು. ಒಳಗೆ ಬೆರಳುದಪ್ಪದ ಕೊಳವೆಯ ಚೌಕಟ್ಟು, ಅದರ ಹೊರಗೆ ಹೊದಿಸಿದ ತೆಳು ತೊಗಲು. ತೊಗಲಿನ ಅಂಚನ್ನು ಕರ್ಚೀಕಾಯಿಯ ಅಂಚು ಒತ್ತಿದ ಹಾಗೆ ಚೌಕಟ್ಟಿನ ಮೇಲೆ ಮಡಚಿದ್ದರು. ಮುರಗೆಪ್ಪ ಬಾಗಿಲನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಓರೆ ಮಾಡಿದ. ಓರೆ ಮಾಡಿದವನು ಹಾಗೇ ಕೂತ.

ಒಳಮೈಯ ತುಂಬ ಸುತ್ತಿಗೆಯ ಗುರುತುಗಳಿದ್ದವು. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು, ಸಾಲು ಹಿಡಿದು, ಅವಸರವಿಲ್ಲದ ಪೆಟ್ಟು. ಹೊರಗೆ ಕನ್ನಡಿ; ಒಳಗೆ ದುಡಿಮೆ. ಅವನು ಹೆಬ್ಬೆರಳಿನಿಂದ ಒಂದೊಂದು ಗುರುತನ್ನೂ ಮುಟ್ಟುತ್ತ ಹೋದ. ಪೆಟ್ಟುಗಳೆಲ್ಲ ಒಂದೇ ಮಗ್ಗುಲಿಗೆ ವಾಲಿದ್ದವು. ತನ್ನ ಪಾತ್ರೆಗಳಲ್ಲಿ ವಾಲುವ ಮಗ್ಗುಲಿಗೆ ಅಲ್ಲ, ಅದರ ವಿರುದ್ಧಕ್ಕೆ.

"ಇಂವ ರೊಡ್ಡ," ಎಂದ ಮೆಲ್ಲಗೆ. "ಎಡಗೈಲೆ ಬಡದಾನ."

"ಯಾರು ಮಾಮಾ?"

"ಇದನ್ನ ಮಾಡಿದಂವ."

ಆಗ ಬಸಗೊಂಡ, ಮುಂಬಯಿಯ ಫಿಟರ್ ಒಬ್ಬ ಹೇಳಿದ್ದನ್ನು ಹೇಳಿದ. ಮೊದಲು ಕಟ್ಟಿಗೆಯಲ್ಲಿ ಇಡೀ ಗಾಡಿಯ ಆಕಾರ ಕೆತ್ತಿ ನಿಲ್ಲಿಸುತ್ತಾರಂತೆ. ಹಾಳೆಯನ್ನು ಬಡಿದು ಆ ಕಟ್ಟಿಗೆಗೆ ಹಿಡಿದು ನೋಡುತ್ತಾರೆ, ಮತ್ತೆ ಬಡಿಯುತ್ತಾರೆ. ಮಿಶನ್ ಒತ್ತಿದ್ದಲ್ಲ. ತಿಂಗಳಿಗೆ ಕೈಬೆರಳೆಣಿಕೆಯಷ್ಟು ಗಾಡಿ.

ಮುರಗೆಪ್ಪ ಕೊಟ್ಟ ಮಾತು ಹಾಗೇ ಇತ್ತು. ಆದರೆ ಆ ಮಾತು ಕೊಡುವಾಗ ತನಗೆ ಗೊತ್ತಿದ್ದದ್ದು ಎಷ್ಟು ಸಣ್ಣದಾಗಿತ್ತು ಎಂದು ಅವನಿಗೆ ನಾಚಿಕೆಯಾಯಿತು. ಎದ್ದು, ಕಾಲು ತೊಳೆದುಕೊಂಡು, ಹಣೆಗೆ ವಿಭೂತಿ ಹಚ್ಚಿ ಮಠಕ್ಕೆ ಹೋದ. ಹೊಸ್ತಿಲು ಮುಟ್ಟಿ, "ತಿಳೀದ ಆಡಿದ್ನಿ. ತಪ್ಪಿದ್ರ ನನ್ನ ಮ್ಯಾಲ ಇರಲಿ, ಹುಡುಗನ ಮ್ಯಾಲ ಬ್ಯಾಡ," ಎಂದಷ್ಟೇ ಹೇಳಿ ತಿರುಗಿ ಬಂದ.

ಬಂದವನು ರುಕ್ಮವ್ವನಿಗೆ ಹೇಳಿದ: "ಬಾಗಲಾ ಒಮ್ಮಿಗೇ ಬೆಂಕಿಗೆ ಇಡಾಕ ಧೈರ್ಯ ಸಾಲೂದಿಲ್ಲ. ಯಾರರೆ ಮನ್ಯಾಗ ಹಳೀ ಜರ್ಮನ್ ಇದ್ರ ಒಂದ ಬೋಗುಣಿ ಇಸಗೊಂಡ ಬಾ. ಕೈ ನೋಡಬೇಕು."

ರುಕ್ಮವ್ವ ಎಲ್ಲಿಗೂ ಹೋಗಲಿಲ್ಲ. ಅಟ್ಟ ಹತ್ತಿ, ಹಳೇ ಕೌದಿಗಳ ಒಳಗಿಂದ ಒಂದು ಬೋಗುಣಿ ತೆಗೆದು ತಂದು ಮುಂದೆ ಇಟ್ಟಳು. ಫಳಫಳ ಬೆಳಗಿದ್ದಳು.

"ಇದು ಯಾವಾಗಿಂದು?"

"ಎರಡ ವರ್ಷ ಆತ್ರಿ. ಹಾಲ ಕಾಸಾಕ ಭಾಳ ಚಲೋ. ನೀವು ಸಂತಿಗೆ ಹೋದಾಗಷ್ಟ ಇಳಸತಿದ್ನಿ."

ಭರಮಣ್ಣ ತಿದಿಯ ಹತ್ತಿರ ಕೂತವನು ಕಂಬಳಿಯೊಳಗೆ ಮುಖ ಮುಚ್ಚಿಕೊಂಡು ನಕ್ಕ. "ಮುರಗೆಪ್ಪಣ್ಣಾ, ಎರಡ ವರ್ಷ ಜರ್ಮನ್ ಹಾಲ ಕುಡದೀಯಲ್ಲೋ. ಮಾತ ಅಂದ ಮುರದೈತಿ ತಗೋ!"

ಬೋಗುಣಿಯನ್ನು ಕತ್ತಲೆಕೋಣೆಯ ಕುಲುಮೆಗೆ ಇಟ್ಟರು. ಭರಮಣ್ಣ ತಿದಿ ಒತ್ತಿದ. ಮುರಗೆಪ್ಪ ಪದ್ಯ ಶುರುಮಾಡಿದ. ತೆಳು ಹಾಳೆಗೆ ಐದು ಪದ್ಯ. ಒಂದು ಮುಗಿಯಿತು, ಎರಡು ಮುಗಿಯಿತು. ಬೋಗುಣಿ ಇದ್ದ ಹಾಗೇ ಬೂದು. ಮೂರನೆಯದಕ್ಕೂ ಕೆಂಪು ಬರಲಿಲ್ಲ. ಇದು ತಾಮ್ರಕ್ಕಿಂತ ಸೋಮಾರಿ ಎಂದುಕೊಂಡು, "ಇನ್ನಷ್ಟ ಒತ್ತು," ಎಂದ. ನಾಲ್ಕನೆಯ ಪದ್ಯದ ಮೂರನೆಯ ಸಾಲಿಗೆ ಬೋಗುಣಿಯ ತಳ, ಕೆಂಪಾಗದೆ, ಕಪ್ಪಾಗದೆ, ಏನೂ ಹೇಳದೆ ತುಪ್ಪದ ಹಾಗೆ ಕುಸಿದು ಕೆಂಡದೊಳಗೆ ಇಳಿದುಹೋಯಿತು.

ಪದ್ಯ ಅರ್ಧಕ್ಕೆ ನಿಂತಿತು. ಅವನ ಬಾಳಿನಲ್ಲಿ ಪದ್ಯ ಅರ್ಧಕ್ಕೆ ನಿಂತದ್ದು ಅದೇ ಮೊದಲು.

ಬಸಗೊಂಡ ಗೋಡೆಗೆ ಒರಗಿ ಕೂತುಬಿಟ್ಟ. "ಬ್ಯಾಡ ಮಾಮಾ. ಬಾಗಲಾ ನೆಗ್ಗಿದ್ದರ ಐತಿ. ಕರಗಿದ್ರ ಅದೂ ಇಲ್ಲ."

ನಲವತ್ತು ವರ್ಷ ಬೆಂಕಿಯ ಮುಂದೆ ಕೂತವನು, ಅಂಥವನಿಗೆ ಬೆಂಕಿಯ ಭಾಷೆಯೇ ತಿಳಿಯದಂತಾಗಿತ್ತು. ಈ ಲೋಹ ಕೆಂಪಾಗುವುದೇ ಇಲ್ಲ. ಮೆತ್ತಗಾಗುವುದಕ್ಕೂ ಕರಗುವುದಕ್ಕೂ ನಡುವಿನ ಗೆರೆಯನ್ನು ಕಣ್ಣಿಗೆ ತೋರಿಸುವುದಿಲ್ಲ. ಆ ರೊಡ್ಡನಿಗೆ ಹ್ಯಾಗೆ ಕಂಡಿತು? ಯಾವುದನ್ನು ನೋಡಿ ಅವನು ಇಕ್ಕಳ ಹಾಕಿದ?

ರುಕ್ಮವ್ವ ತನ್ನ ಬೋಗುಣಿಯ ಉಳಿದ ಕಂಠವನ್ನು ಕೆಂಡದಿಂದ ಕೋಲಿನಲ್ಲಿ ಎಳೆದುಕೊಂಡು ಒಂದು ಗಳಿಗೆ ನೋಡಿದಳು. ಆಮೇಲೆ ಹೇಳಿದಳು:

"ಒಂದ ಮಾತ ಕೇಳತೀನಿ, ಸಿಟ್ಟಿಗೇಳಬ್ಯಾಡ್ರಿ. ರೊಟ್ಟಿ ಹಂಚು ಕಾದದ್ದು ನಾವು ಹ್ಯಾಂಗ ತಿಳ್ಕೋತೀವಿ? ಅದೇನು ಕೆಂಪಗ ಆಕೈತೇನು? ಚಿಟಿಕಿ ಹಿಟ್ಟ ಉದುರಸತೀವಿ. ಹಿಟ್ಟ ಹೇಳತೈತಿ."

ಮುರಗೆಪ್ಪ ತಲೆ ಎತ್ತಿದ.

"ಹಂಚು ಬಾಯಿ ಬಿಡೂದಿಲ್ರಿ. ಅದರ ಮ್ಯಾಲಿಂದು ಬಿಡತೈತಿ."

ಜೋಳದ ಹಿಟ್ಟಿನ ಬುಟ್ಟಿ ಕುಲುಮೆಯ ಕೋಣೆಗೆ ಬಂತು. ಬೋಗುಣಿಯ ಕಂಠವನ್ನು ನಾಲ್ಕು ತುಂಡು ಮಾಡಿದರು. ಹದವಾದ ಕೆಂಡದ ಮೇಲೆ ಹಿಡಿದು, ರುಕ್ಮವ್ವ ತಾನೇ ಹಿಟ್ಟು ಉದುರಿಸಿದಳು. ಹಿಟ್ಟು ಹೊಂಬಣ್ಣಕ್ಕೆ ಬಂದಾಗ ಒಂದು ತುಂಡು ತೆಗೆದರು; ಬಾಗಿಸಿದರೆ ಸೆಟೆದುಕೊಂಡೇ ಇತ್ತು. ಹುರಿದ ಕಡಲೆಯ ಬಣ್ಣಕ್ಕೆ ತೆಗೆದದ್ದು ಸ್ವಲ್ಪ ಬಗ್ಗಿತು. ಹಿಟ್ಟು ಹೊತ್ತಿ ಕಪ್ಪಿಗೆ ತಿರುಗುವ ಗಳಿಗೆಗೆ ತೆಗೆದು ತಣ್ಣಗೆ ಮಾಡಿದ ತುಂಡು ಕೈಯಲ್ಲೇ ಎಲೆಯ ಹಾಗೆ ಮಡಚಿಕೊಂಡಿತು. ನಾಲ್ಕನೆಯ ತುಂಡನ್ನು ಅವರು ಪರೀಕ್ಷೆ ಮಾಡಲಿಲ್ಲ. ಅದನ್ನು ರುಕ್ಮವ್ವ ಎತ್ತಿ ಇಟ್ಟುಕೊಂಡಳು. ಮುರಗೆಪ್ಪ ನೋಡಿಯೂ ನೋಡದವನ ಹಾಗೆ ಇದ್ದ.

ಆದಿತ್ಯವಾರ ಹೊತ್ತು ಏರುವ ಮೊದಲೇ ಕೆಲಸ ಹಿಡಿದರು. ಸೋಮವಾರ ಆ ಮನೆಯಲ್ಲಿ ಸುತ್ತಿಗೆ ಏಳುವುದಿಲ್ಲ, ಅದು ಶಿವನ ದಿನ. ಆದ್ದರಿಂದ ದೀಪ ಹಚ್ಚುವುದರೊಳಗೆ ಬಾಗಿಲು ಮುಗಿಯಬೇಕು. ಅಂಚಿಗೆ ಹಿಟ್ಟು ಉದುರಿಸಿ ಕಾಸಿ, ಮೆತ್ತಗೆ ಮಾಡಿ, ಮಡಿಕೆಯನ್ನು ಬೆರಳು ಬೆರಳಷ್ಟೇ ಬಿಡಿಸಿದರು. ಚೌಕಟ್ಟಿನಿಂದ ತೊಗಲು ಬೇರೆಯಾಯಿತು. ಬಣ್ಣ ಕೆರೆದು, ಗುಂಡಿ ಬಿದ್ದ ಭಾಗವನ್ನು ಕಾಸಿ, ಹುಣಸೆಯ ದಿಮ್ಮಿಯಲ್ಲಿ ತೋಡಿದ ಕುಳಿಯ ಮೇಲೆ ಮಗುಚಿ ಇಟ್ಟು, ಮುರಗೆಪ್ಪ ಮರದ ಕೊಡತಿಯಿಂದ ತಟ್ಟತೊಡಗಿದ. ಬಡಿತವಲ್ಲ, ತಟ್ಟುವುದು. ಗಟ್ಟಿಯಾದಂತೆಲ್ಲ ಮತ್ತೆ ಹಿಟ್ಟು, ಮತ್ತೆ ಕೆಂಡ. ಪದ್ಯ ಈಗ ಬೆಂಕಿಗೆ ಬೇಕಿರಲಿಲ್ಲ. ಅದು ಕೈಗೆ ಬಂತು. ಒಂದು ಸಾಲಿಗೆ ಒಂದು ಸಾಲು ಪೆಟ್ಟು, ಮೂರನೆಯ ಸಾಲಿಗೆ ಉದ್ದ, ಮತ್ತೆ ಮೊದಲಿಂದ.

"ಎಲ್ಲಿತನ ಉಬ್ಬಸಬೇಕು ಅಂತ ಹ್ಯಾಂಗ ಗೊತ್ತಾಕೈತಿ ಮಾಮಾ?"

ಅದಕ್ಕೂ ಅವನು ಉಪಾಯ ಮಾಡಿದ್ದ. ಬಲಬಾಗಿಲು ಪೆಟ್ಟಾಗದೆ ಇತ್ತಲ್ಲ. ಅದರ ಮೈಗೆ ಹಸಿ ಬಿದಿರಿನ ಸೀಳುಗಳನ್ನು ಬಾಗಿಸಿ ಕಟ್ಟಿ ಅಳತೆ ತೆಗೆದಿದ್ದ. ಬಲಕ್ಕೆ ಎಡ ಕನ್ನಡಿ, ಅಷ್ಟೇ. ನಡುಹಗಲಿಗೆ ಎಡಬಾಗಿಲಿನ ತೊಗಲು ಆ ಬಿದಿರಿನ ಅಳತೆಗೆ ಕೂದಲೆಳೆ ತಪ್ಪದ ಹಾಗೆ ಬಂತು. ಎಲ್ಲರೂ ಉಸಿರು ಬಿಟ್ಟರು. ಚೌಕಟ್ಟಿಗೆ ಹೊದಿಸಿ, ಗಾಡಿಗೆ ಹಿಡಿದು ನೋಡಿದರೆ, ಮೇಲೆ ಒತ್ತುತ್ತಿತ್ತು, ಕೆಳಗೆ ಒಂದು ಬೆರಳು ತೂರುವಷ್ಟು ಸಂದು.

"ಅಳತಿ ತಪ್ಪೈತಿ," ಎಂದ ಬಸಗೊಂಡ.

"ಅಳತಿ ತಪ್ಪಿಲ್ಲ."

ಮುರಗೆಪ್ಪ ಬಲಬಾಗಿಲಿನ ಹತ್ತಿರ ಹೋಗಿ, "ಇದರ ಬಟ್ಟಿನೂ ಬಿಚ್ಚು," ಎಂದ. ಬಿಚ್ಚಿದ ಮೇಲೆ ಬಾಗಿ ಒಳಗೆ ನೋಡಿದ. ಅಲ್ಲಿಯೂ ಅದೇ ಹುರುಪೆ, ಅದೇ ಸಾಲು. ಆದರೆ ಪೆಟ್ಟು ವಾಲಿದ್ದು ಈ ಕಡೆಗೆ, ತನ್ನ ಪಾತ್ರೆಗಳ ಹಾಗೆ. ಪೆಟ್ಟೂ ಒಂಚೂರು ದಪ್ಪ.

"ಇದನ್ನ ಬ್ಯಾರೇದಂವ ಮಾಡ್ಯಾನ. ಬಲಗೈಯಂವ. ಎರಡ ಕೈ, ಎರಡ ಬಾಗಲಾ." ಅವನು ಮೊದಲ ಸಲ ನಕ್ಕ. "ನಾನೂ ನಮ್ಮಪ್ಪನೂ ಹಂಡೇದ ಮ್ಯಾಲಿನ ಅರ್ಧ ಒಬ್ಬರು, ಕೆಳಗಿನ ಅರ್ಧ ಒಬ್ಬರು ಬಡೀತಿದ್ವಿ. ನಡುವ ಬೆಸಗೀ ಹಾಕಿದ ಮ್ಯಾಲ ಯಾರಿಗೂ ಕಾಣತಿರಲಿಲ್ಲ. ನಮಗಷ್ಟ ಕಾಣತಿತ್ತು."

"ಅಂದ್ರ ಈ ಗಾಡಿ ಎರಡೂ ಕಡಿ ಒಂದ ನಮೂನಿ ಇಲ್ಲೇನು?"

"ನಿನ್ನ ಮುಖಾ ಐತೇನು?" ಎಂದ ಭರಮಣ್ಣ.

ಬಿದಿರಿನ ಅಳತೆಯನ್ನು ಮುರಗೆಪ್ಪ ಒಲೆಗೆ ಕೊಟ್ಟ. ಪೆಟ್ಟಾಗದೆ ಉಳಿದಿದ್ದ ಎಡಬಾಗಿಲಿನ ಮೇಲ್ಭಾಗದ ಗುರುತುಗಳ ಮೇಲೆ ಹೆಬ್ಬೆರಳು ಆಡಿಸುತ್ತ, ಆ ರೊಡ್ಡ ಯಾವ ಕಡೆಗೆ ಹೊರಟಿದ್ದ, ಕೆಳಗೆ ಎಲ್ಲಿಗೆ ಮುಟ್ಟುತ್ತಿದ್ದ ಎಂದು ಹುಡುಕಿದ. ಪುರಾಣ ಓದುವವರು ಒಂದು ಸಾಲು ಎತ್ತಿಕೊಟ್ಟರೆ ಕೇಳುವವರು ಉಳಿದದ್ದನ್ನು ಮುಗಿಸುತ್ತಾರಲ್ಲ, ಹಾಗೆ. ಆಮೇಲೆ ಕೊಡತಿಯನ್ನು ಎಡಗೈಗೆ ಬದಲಿಸಿಕೊಂಡ. ಮೊದಮೊದಲು ಎಡಗೈ ಎಳೆಗರುವಿನ ಹಾಗೆ ತೊಡರಿತು. ಹೊತ್ತು ವಾಲುತ್ತ ವಾಲುತ್ತ ಅದಕ್ಕೂ ಹೆಜ್ಜೆ ಬಂತು. ನಾಲ್ಕು ಸಲ ಗಾಡಿಗೆ ಹಿಡಿದು ನೋಡಿದರು. ಐದನೆಯ ಸಲ ಸಂದು ಸುತ್ತಲೂ ಒಂದೇ ಸಮ ನಿಂತಿತು. ಅಂಚನ್ನು ಮಡಚಿ, ಬೂದಿ ಹಾಕಿ ಉಜ್ಜಿ, ತಿರುಪು ಬಿಗಿದು, ರುಕ್ಮವ್ವ ದೀಪಕ್ಕೆ ಎಣ್ಣೆ ಹಾಕುವಷ್ಟರಲ್ಲಿ ಬಸಗೊಂಡ ಬಾಗಿಲು ಹಾಕಿದ. 'ಠಪ್' ಎಂದು ಒಂದೇ ಮಾತು.

ಆದರೆ ಮಳೆಮೋಡದ ಗಾಡಿಯ ಮೇಲೆ ಬಾಗಿಲಿನ ಕೆಳಗಿನರ್ಧ ಬೆಳ್ಳಗೆ ಹೊಳೆಯುತ್ತಿತ್ತು. ಆ ಬಣ್ಣ ಜತ್ತದಲ್ಲೂ ಸಿಗುವಂಥದ್ದಲ್ಲ.

"ಕುರಿಗೆ ಗುರ್ತ ಹಾಕೂ ಕೆಂಪಮಣ್ಣ ಐತಿ, ಕೊಡ್ಲೇನು?" ಎಂದು ಕೇಳಿದ ಭರಮಣ್ಣ.

ಬಸಗೊಂಡ ನಗದೆ ನೆಲ ನೋಡಿದ. "ಮಾಮಾ, ದಾರಿ ರಾಡಿ ಬಳಕೊಂಡ ಹೋಗ್ಲೇನು? ಧೂಳ ಹತ್ತೈತಿ ಅಂತೀನಿ. ವಿಜಾಪುರ ಮುಟ್ಟಿದ ಮ್ಯಾಲ ಯಾರ ಕಡಿಂದರೆ ಬಣ್ಣ ಹೊಡಸಿದ್ರಾತು."

"ರಾಡಿ ಒಣಗಿ ಉದುರತೈತಿ. ಆವಾಗ ಎರಡ ತಪ್ಪ ಹೇಳಬೇಕಾಕೈತಿ," ಎಂದ ಮುರಗೆಪ್ಪ. "ನಾನೂ ಬರತೀನಿ ನಡಿ. ಬಾಗಲದ್ದು ನಾ ಹೇಳತೀನಿ, ದಾರೀದ್ದು ನೀ ಹೇಳು."

ಸೋಮವಾರ ಮಿರಜಿನ ಸ್ಟೇಶನ್ನಿನ ಹೊರಗೆ, ಟಾಂಗಾಗಳ ನಡುವೆ, ಗಾಡಿ ಹೊತ್ತಿಗೆ ಮೊದಲೇ ನಿಂತಿತ್ತು. ಶಿವಯೋಗೆಪ್ಪ ಸಾವಕಾರರು ಧೋತರದ ತುದಿ ಹಿಡಿದುಕೊಂಡು ಬಂದರು. ಬಂದವರು ಎಡಬಾಗಿಲಿನ ಮುಂದೆ ನಿಂತುಬಿಟ್ಟರು. ಹಮಾಲನ ತಲೆಯ ಮೇಲೆ ಟ್ರಂಕು ಹಾಗೇ ಉಳಿಯಿತು.

ಬಸಗೊಂಡ ಕೈ ಕಟ್ಟಿಕೊಂಡು ಎಲ್ಲವನ್ನೂ ಹೇಳಿದ. ಡಾಂಬರು ಬಿಟ್ಟದ್ದು, ಬಾಲಗಾಂವಿಗೆ ಹೋದದ್ದು, ಕುರಿ, ಕಲ್ಲು. ಯಾವುದನ್ನೂ ಕುರಿಗಳ ಮೇಲೆ ಹಾಕಲಿಲ್ಲ. ಸಾವಕಾರರು ಅವನ ಕಡೆ ನೋಡದೆ ಬಾಗಿಲನ್ನೇ ನೋಡುತ್ತಿದ್ದರು. ಅಂಗೈಯನ್ನು ಬಣ್ಣವಿದ್ದ ಮೇಲಿನಿಂದ ಬಣ್ಣವಿಲ್ಲದ ಕೆಳಕ್ಕೆ ನಿಧಾನವಾಗಿ ಇಳಿಸಿದರು. ಮತ್ತೊಮ್ಮೆ ಇಳಿಸಿದರು. ಬಾಗಿಲು ತೆಗೆದು ಹಾಕಿದರು.

"ತಾಯೀನ ಒಳಗ ಕುಂಡ್ರಿಸಿದ್ದೇನು?"

"ಕುಂಡ್ರಲಿಲ್ರಿ ಸಾವ್ಕಾರ್ರ. ಸೀರಿಗೆ ಸಗಣಿ ಹತ್ತೈತಿ ಅಂತ ಹೊರಗ ನಿಂತು ಕೈ ಮುಗದ್ಳು."

"ಕುಂಡ್ರಿಸಿದ್ರ ಅಷ್ಟರೆ ಸಾರ್ಥಕ ಆಕ್ಕಿತ್ತು." ಸಾವಕಾರರು ಮುರಗೆಪ್ಪನ ಕಡೆ ತಿರುಗಿದರು. "ನೀವೇನ್ರಿ ಬಡದವರು?"

"ಕೆಳಗಿನರ್ಧ ನಾನ್ರಿ. ಮ್ಯಾಲಿನರ್ಧ ಇಟಲಿಯಂವ."

"ಗೆರಿ ಎಲ್ಲೈತ್ರಿ?"

"ಬಣ್ಣ ಹೊಡದ ಮ್ಯಾಲ ನಿಮಗ ಸಿಗೂದಿಲ್ರಿ."

ಸಾವಕಾರರ ಮೀಸೆಯಡಿ ಏನೋ ಆಡಿತು. ಆದರೆ ಬಸಗೊಂಡನ ಕಡೆ ತಿರುಗುವಾಗ ಅದು ಇರಲಿಲ್ಲ. "ಬಾಗಲಾ ಸರಿ ಆತು. ಕೇಳದ ಒಯ್ದದ್ದು ಸರಿ ಆಗಿಲ್ಲ. ಹೊರಗ ಹಾಕೂದಿಲ್ಲ ನಿನ್ನ. ಆದ್ರ ಈ ಗಾಡಿ ಇನ್ನ ಬ್ಯಾಡ. ದೀಪಾವಳಿತನ ಗಿರಣಿ ಲಾರಿ ಹೊಡಿ. ಆಮ್ಯಾಲ ನೋಡೂಣು. ಕೀಲಿ ತಾ."

ಬಸಗೊಂಡ ಕೀಲಿ ಕೊಟ್ಟ. ನೌಕರಿ ಉಳಿಯಿತು, ಗಾಡಿ ಹೋಯಿತು. ಅವನ ಮುಖದಲ್ಲಿ ಎರಡೂ ಒಟ್ಟಿಗೆ ಕಂಡವು.

ಸಾವಕಾರರು ತಾವೇ ಬಲಗಡೆ ಕೂತರು. ಮುರಗೆಪ್ಪ ಬಸ್ಸಿಗೆ ಹೋಗುವೆನೆಂದರೆ ಬಿಡದೆ, ಅವನನ್ನು ಎಡಗಡೆಯ ಮೆತ್ತೆಯ ಮೇಲೆ ಕೂಡಿಸಿದರು. ಹಿಂದೆ ಸಣ್ಣ ಜಾಗವೊಂದಿತ್ತು; ಅಲ್ಲಿ ಟ್ರಂಕಿನ ಜತೆ ಬಸಗೊಂಡ ಮಡಚಿಕೊಂಡು ಕೂತ. ಗಾಡಿ ಜತ್ತದ ದಾರಿ ಹಿಡಿಯಿತು. ಮುರಗೆಪ್ಪ ಕಿವಿಯನ್ನು ಬಾಗಿಲಿಗೆ ಕೊಟ್ಟು ಕೂತಿದ್ದ. ಗಾಳಿಗೂ ಕುಣಿಗೂ ಬಾಗಿಲು ಒಂದು ಅಕ್ಷರ ಆಡಲಿಲ್ಲ.

ಆಡಿದ್ದು ಹಿಂದಿನಿಂದ. ಸಾವಕಾರರಿಗೆ ಗಾಡಿಯ ಮೇಲೆ ಪ್ರೀತಿ ಇತ್ತು, ರೂಢಿ ಇರಲಿಲ್ಲ. ಗೇರು ಬದಲಿಸಿದಾಗೊಮ್ಮೆ ಹಿಂದಿನ ಪೆಟ್ಟಿಗೆಯೊಳಗೆ ಹಲ್ಲಿಗೆ ಹಲ್ಲು ಕಚ್ಚಿ 'ಕರ್‌ರ್' ಎನ್ನುತ್ತಿತ್ತು. ಆ ಪೆಟ್ಟಿಗೆಯ ಮೇಲೆಯೇ ಬಸಗೊಂಡ ಕೂತಿದ್ದ. ಸದ್ದು ಅವನ ಕಿವಿಗಿಂತ ಮೊದಲು ಬೆನ್ನಿಗೆ ಮುಟ್ಟುತ್ತಿತ್ತು. ಮೊದಲ ಸಲ ತುಟಿ ಕಚ್ಚಿದ. ಎರಡನೆಯ ಸಲ ಕಣ್ಣು ಮುಚ್ಚಿದ. ಏರು ಬಂದಾಗ ಮತ್ತೆ 'ಕರ್‌ರ್' ಎಂದದ್ದೇ ತಡ, "ಅವ್ವಾ!" ಎಂದುಬಿಟ್ಟ. ಒದೆ ಬಿದ್ದದ್ದು ತನಗೇ ಎಂಬ ಹಾಗೆ.

ಸಾವಕಾರರು ಕನ್ನಡಿಯಲ್ಲಿ ಅವನ ಮುಖ ನೋಡಿದರು. ಏರು ಮುಗಿದ ಮೇಲೆ ಗಾಡಿಯನ್ನು ಬೇವಿನಮರದ ಬುಡಕ್ಕೆ ಸರಿಸಿ ನಿಲ್ಲಿಸಿದರು.

"ಇಳಿ."

ಬಸಗೊಂಡ ಹೆದರಿಕೊಂಡು ಇಳಿದ. ಸಾವಕಾರರೂ ಇಳಿದು, ಕೀಲಿಯನ್ನು ಗಾಡಿಯಲ್ಲೇ ಬಿಟ್ಟು, ಧೋತರ ಎತ್ತಿಕಟ್ಟಿ ಹಿಂದಿನ ಇಕ್ಕಟ್ಟಿನಲ್ಲಿ ಟ್ರಂಕಿನ ಮಗ್ಗುಲಿಗೆ ತೂರಿಕೊಂಡರು. ಮುರಗೆಪ್ಪ ಎದ್ದು ಜಾಗ ಬಿಡಲು ಹೋದರೆ ಕೈ ಅಡ್ಡ ಮಾಡಿದರು.

"ನೀವು ಕುಂಡ್ರಿ. ಲೇ ಬಸಗೊಂಡಾ, ಲಾರಿ ನಾಳಿಂದ. ಇವತ್ತ ನೀನ ಹೊಡಿ. ಲಗೂನ ಹತ್ತು."

ಬಸಗೊಂಡ ಕೂತ. ಟೊಪ್ಪಿಗೆ ತಲೆಗೆ ಏರಿಸಿದ. ಇಂಜಿನ್ನು ಹದಕ್ಕೆ ಬರಲೆಂದು ಒಂದು ಗಳಿಗೆ ಕಾದು, ಗೇರಿನ ಕೋಲನ್ನು ಎರಡು ಬೆರಳಿನಿಂದ ಎಳೆದ.

ಹಿಂದಿನಿಂದ ಯಾವ ಸದ್ದೂ ಬರಲಿಲ್ಲ.